ಡೈನಮೋಗೆ ಬಳಿದ ಬಣ್ಣ

“ಗುರುಗಳೇ, ಆಶ್ರಮದಲ್ಲಿ ಇರುವಷ್ಟು ದಿನ ನನ್ನ ಮನಸ್ಸು ತಿಳಿಯಾಗಿರುತ್ತದೆ. ಮನೆಗೆ ಕಾಲಿಟ್ಟರೆ ಸಾಕು, ಎಲ್ಲ ಒಣಗಿಹೋಗುತ್ತದೆ. ಯಾರ ಮೇಲೂ ಪ್ರೀತಿಯೇ ಹುಟ್ಟುವುದಿಲ್ಲ. ಕೆಟ್ಟಿರುವುದು ನಾನೋ, ನನ್ನ ಮನೆಯೋ? ಮನೆಯೇ ಆದರೆ ಬಿಟ್ಟು ಬಂದುಬಿಡುತ್ತೇನೆ,” ಎಂದು ನರಹರಿ ಎಂಬ ಶಿಷ್ಯ ಕೇಳಿದ.

ಮನೆ ಬಿಡುವ ಮಾತು ಕೇಳಿದರೆ ಗುರುಗಳಿಗೆ ಯಾವಾಗಲೂ ಸಿಟ್ಟು. “ಬಿಡುವುದು ಆಮೇಲೆ. ಮೊದಲು ಒಂದು ಜೀಪಿನ ಕತೆ ಕೇಳು,” ಎಂದರು.

ಗುಡ್ಡದ ಮೇಲಿನ ಒಂದು ಊರಿನಲ್ಲಿ ಒಬ್ಬ ಬಾಡಿಗೆ ಜೀಪಿನವನಿದ್ದ. ಜೀಪು ಅವನ ಅಪ್ಪನ ಕಾಲದ್ದು. ಆ ಊರಿಗೆ ಬೇರೆ ಗಾಡಿ ಇರಲಿಲ್ಲ. ಅವನ ಹೆಂಡತಿಗೆ ದಿನ ತುಂಬುತ್ತಿತ್ತು. ಹೆರಿಗೆ ಕಷ್ಟವಾಗಬಹುದು, ನೋವು ಶುರುವಾದ ಕೂಡಲೇ ಗುಡ್ಡದ ಕೆಳಗಿನ ಆಸ್ಪತ್ರೆಗೆ ಕರೆತರಬೇಕು ಎಂದು ಡಾಕ್ಟರು ಹೇಳಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಸಾಮಾನ್ಯವಾಗಿ ಜನ ಗಾಡಿ ತೊಳೆದು, ಹಾರ ಹಾಕಿ, ಕುಂಬಳಕಾಯಿ ಒಡೆದು ಕೈ ಮುಗಿಯುತ್ತಾರೆ. ಇವನ ಭಕ್ತಿಗೆ ಅಷ್ಟು ಸಾಲಲಿಲ್ಲ. ಈ ಸಲ ಹೆಂಡತಿಯ ಜೀವವೇ ಈ ಜೀಪನ್ನು ನಂಬಿದೆ ಎಂದು ಎಂಜಿನ್ನಿನ ಸುತ್ತಲಿನ ಭಾಗಗಳನ್ನು ಬಿಚ್ಚಿ, ಎಲ್ಲಕ್ಕೂ ದಪ್ಪಗೆ ಹಸಿರು ಬಣ್ಣ ಬಳಿದು, ಒಣಗಿಸಿ ಕೂರಿಸಿದ. ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವ ಡೈನಮೋಗೂ ಬಳಿದ. ಅದು ಕೂರುವ ಕಬ್ಬಿಣಕ್ಕೂ, ಹಿಡಿದಿಡುವ ಬೋಲ್ಟುಗಳಿಗೂ ಬಳಿದ. ಕುಂಕುಮ ಹಚ್ಚಿದ.

ಮರುದಿನದಿಂದ ಬ್ಯಾಟರಿ ತುಂಬುವುದು ನಿಂತಿತು. ಅದನ್ನು ತೋರಿಸುವ ಮೀಟರಿನ ಮುಳ್ಳು ಅಲುಗಲಿಲ್ಲ. ಪೇಟೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿ ತಂದರೆ ಅದು ಬೇಗನೆ ಖಾಲಿಯಾಗಿ ಜೀಪು ನಡುದಾರಿಯಲ್ಲಿ ನಿಲ್ಲುತ್ತಿತ್ತು.

ಅವನು ಡೈನಮೋ ಬಿಚ್ಚಿ ಪೇಟೆಯ ಎಲೆಕ್ಟ್ರಿಷಿಯನ್ ಬಳಿ ಒಯ್ದ. ಆತ ಅದನ್ನು ಮೇಜಿನ ಮೇಲಿನ ವೈಸಿನ ಕಬ್ಬಿಣದ ಹಲ್ಲುಗಳ ನಡುವೆ ಬಿಗಿದು, ಅದಕ್ಕೂ ವೈಸಿಗೂ ನಡುವೆ ಒಂದು ಬಲ್ಬು ಜೋಡಿಸಿ ತಿರುಗಿಸಿದ. ಬಲ್ಬು ಝಗ್ಗನೆ ಹತ್ತಿತು. “ಡೈನಮೋ ಗಟ್ಟಿಮುಟ್ಟಾಗಿದೆ. ಕೆಟ್ಟಿರೋದು ನಿನ್ನ ಜೀಪು,” ಎಂದ.

ಜೀಪಿನವನು ವೈರು ಬದಲಿಸಿದ. ಬೆಲ್ಟು ಬಿಗಿ ಮಾಡಿದ. ಬೇರೆ ಬ್ಯಾಟರಿ ಕೂರಿಸಿ ನೋಡಿದ. ಮುಳ್ಳು ಅಲುಗಲಿಲ್ಲ. ಮತ್ತೆ ಡೈನಮೋ ಹೊತ್ತು ಪೇಟೆಗೆ ಹೋದ. ಮತ್ತೆ ಬಲ್ಬು ಹತ್ತಿತು. ಅಲ್ಲಿ ಸರಿಯಿದ್ದದ್ದು ಇಲ್ಲಿ ಯಾಕೆ ಸತ್ತುಹೋಗುತ್ತದೆ? ಅವನಿಗೆ ತಲೆ ಬುಡ ಅರ್ಥವಾಗಲಿಲ್ಲ. ದೃಷ್ಟಿ ತಗುಲಿರಬೇಕೆಂದು ನಿಂಬೆಹಣ್ಣು ಕಟ್ಟಿದ. ಪೂಜೆಯಲ್ಲೇ ಏನೋ ಕಮ್ಮಿಯಾಯಿತೆಂದು ಇನ್ನೊಂದು ಸಲ ಬಣ್ಣ ಬಳಿದ! ಕೊನೆಗೆ ರೋಸಿಹೋಗಿ, ಜೀಪನ್ನು ಗುಜರಿಗೆ ಹಾಕುತ್ತೇನೆ ಎಂದ.

ಹೆಂಡತಿಗೆ ಭಯವೂ ಸಿಟ್ಟೂ ಒಟ್ಟಿಗೇ ಬಂದವು. “ಆಮೇಲೆ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಇಳೀತೀರಾ? ಅದನ್ನ ಅಲ್ಲಿಗೆ ಹೊತ್ತಿದ್ದು ಸಾಕು ಕಣ್ರೀ. ಅವರನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ,” ಎಂದಳು.

ಎಲೆಕ್ಟ್ರಿಷಿಯನ್ ಗೊಣಗುತ್ತ ಗುಡ್ಡ ಹತ್ತಿ ಬಂದ. ಎಂಜಿನ್ ಚಾಲೂ ಮಾಡಿಸಿ, ಒಂದು ಸ್ಕ್ರೂಡ್ರೈವರಿನ ತುದಿಯನ್ನು ಡೈನಮೋದ ಮೈಗೆ ಒತ್ತಿ ಗೀರಿ, ಸ್ಕ್ರೂಡ್ರೈವರಿನ ಕಡ್ಡಿಯನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ತಾಗಿಸಿದ. ಮುಳ್ಳು ಎದ್ದಿತು. ತೆಗೆದ. ಮುಳ್ಳು ಬಿತ್ತು. ಆತ ಎಂಜಿನ್ ನಿಲ್ಲಿಸಿ, ಡೈನಮೋ ಬಿಚ್ಚಿ, ಬಣ್ಣ ಕೆರೆಯಲು ಅರ ಹಿಡಿದ. ಜೀಪಿನವನು ಅವನ ಕೈ ಹಿಡಿದುಕೊಂಡ.

“ಅದು ಪೂಜೆಗೆ ಅಂತ ಬಳಿದದ್ದು. ಕೆರೀಬೇಡಿ.”

“ಹೊರಮೈಗೆ ಎಷ್ಟು ಬೇಕಾದ್ರೂ ಬಳಿ ಮಾರಾಯ. ಕಬ್ಬಿಣಕ್ಕೆ ಕಬ್ಬಿಣ ತಾಗೋ ಜಾಗ ಬೋಳಾಗಿರಬೇಕು. ಕರೆಂಟು ವೈರಲ್ಲಿ ಹೋಗಿ ಗಾಡಿಯ ಮೈಯಲ್ಲಿ ವಾಪಸ್ ಬರುತ್ತೆ. ಬಣ್ಣದೊಳಗೆ ಕರೆಂಟು ಹರಿಯಲ್ಲ, ನೀನು ಅದು ವಾಪಸ್ ಬರೋ ದಾರಿಗೇ ಬಣ್ಣ ಬಳಿದಿದ್ದೀಯ. ನನ್ನ ವೈಸಿನ ಹಲ್ಲು ಬಣ್ಣ ಸೀಳಿ ಕಚ್ಚಿತ್ತು, ಅದಕ್ಕೇ ಅಲ್ಲಿ ಬಲ್ಬು ಉರೀತು.”

ಜೀಪಿನವನು ಜಗಲಿಯ ಕಡೆ ನೋಡಿದ. ಹೆಂಡತಿ ಸೊಂಟ ಹಿಡಿದು ಕೂತಿದ್ದಳು. ಅವನು ಎಲೆಕ್ಟ್ರಿಷಿಯನ್ ಕೈ ಬಿಟ್ಟ. ಅದೇ ವಾರ ಜೀಪು ಎಲ್ಲೂ ನಿಲ್ಲದೆ ಗುಡ್ಡ ಇಳಿಯಿತು. ತಾಯಿ, ಕೂಸು ಇಬ್ಬರೂ ಅದರಲ್ಲೇ ಮನೆಗೆ ಬಂದರು.

ಗುರುಗಳು ಕತೆ ನಿಲ್ಲಿಸಿದರು. ನರಹರಿಯ ಗೊಂದಲ ಹೋಗಲಿಲ್ಲ. “ಡೈನಮೋವೂ ಕೆಟ್ಟಿರಲಿಲ್ಲ, ಜೀಪೂ ಕೆಟ್ಟಿರಲಿಲ್ಲ. ಅದು ತಿಳಿಯಿತು. ಆದರೆ ನಾನು ಅಂಥ ತಪ್ಪೇನು ಮಾಡಿದ್ದೇನೆ ಗುರುಗಳೇ? ಮನೆಯಲ್ಲೂ ಜಪ, ಪೂಜೆ ಒಂದನ್ನೂ ಬಿಟ್ಟಿಲ್ಲ,” ಎಂದ.

ಗುರುಗಳು ಕೇಳಿದರು: “ಮಡಿಯುಟ್ಟು ನಿಂತಿರುವಾಗ ಮಗಳು ಅಪ್ಪಾ ಎಂದು ಓಡಿ ಬಂದರೆ ಏನು ಮಾಡುತ್ತೀಯ?”

“ಮುಟ್ಟಬೇಡ, ದೂರ ನಿಲ್ಲು ಎನ್ನುತ್ತೇನೆ,” ಎಂದ ನರಹರಿ, ಮನೆಗೆ ಹೊರಡಲು ಎದ್ದ.