ನಾಲ್ಕನೆಯ ಹೆಗಲು

"ಕೊಂದವನು ಶಿಕ್ಷೆಯಿಲ್ಲದೆ ಸತ್ತುಹೋದರೆ, ಉಳಿದವನು ತನ್ನ ಸಿಟ್ಟನ್ನು ಎಲ್ಲಿಡಬೇಕು, ಗುರುಗಳೇ?"

ಹೊಂಬಯ್ಯ ಇದನ್ನು ಕೇಳಿದಾಗ ಬೆಳಗಿನ ಪಾಠ ಇನ್ನೂ ಮುಗಿದಿರಲಿಲ್ಲ. ಆರು ವರ್ಷಗಳ ಕೆಳಗೆ, ಹೊಲದ ಬದುವಿನ ಜಗಳದಲ್ಲಿ, ನೆರೆಹೊಲದವನೊಬ್ಬ ಅವನ ತಂದೆಯನ್ನು ಗುದ್ದಲಿಯಿಂದ ಹೊಡೆದು ಕೊಂದಿದ್ದ. ಕಛೇರಿಯಲ್ಲಿ ಯಾರೂ ಸಾಕ್ಷಿ ಹೇಳಲಿಲ್ಲ. ಹೊಂಬಯ್ಯ ಊರು ಬಿಟ್ಟು ಬಂದು ಗುರುಗಳ ಬಳಿ ಸೇರಿದ. ಊರು ಹೆಚ್ಚು ದೂರವೇನಿರಲಿಲ್ಲ, ಒಂದು ಹರಿದಾರಿ. ಆ ದಿನ ಬೆಳಗ್ಗೆ ಆ ಕಡೆಯಿಂದ ಬಂದವರು ಸುದ್ದಿ ತಂದಿದ್ದರು. ನೆರೆಹೊಲದವನು ನೀರು ಸೇದುತ್ತಿದ್ದಾಗ ಬಾವಿಕಟ್ಟೆಯ ಮೇಲೆ ಕುಸಿದು ಸತ್ತಿದ್ದಾನೆ ಎಂದರು.

ಗುರುಗಳು ಓದುತ್ತಿದ್ದ ಓಲೆಗರಿಯನ್ನು ಕಟ್ಟಿ ಪಕ್ಕಕ್ಕಿಟ್ಟರು. ಒಂದು ಕತೆ ಹೇಳತೊಡಗಿದರು.

ತೆಂಕಣ ಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ಎಲೆತೋಟದವನಿದ್ದ. ಅವನಿಗೆ ಒಬ್ಬನೇ ತಮ್ಮ. ಅಣ್ಣ ವೀಳ್ಯದೆಲೆಯ ಬಳ್ಳಿಗಳನ್ನು ಆಸರೆಯ ಮರಗಳಿಗೆ ಕಟ್ಟುತ್ತಿದ್ದ. ತಮ್ಮ ಎಲೆ ಕೊಯ್ದು, ಪಿಂಡಿ ಕಟ್ಟಿ, ಸಂತೆಗೆ ಹೊರುತ್ತಿದ್ದ. ಅಣ್ಣನಿಗೆ ಮಾತು ಕಡಿಮೆ. ತಮ್ಮ ಇಬ್ಬರ ಪಾಲಿನದನ್ನೂ ಆಡುತ್ತಿದ್ದ.

ಒಂದು ಸಂತೆಯ ದಿನ, ಹಳ್ಳದ ಇಕ್ಕಟ್ಟಿನ ದಾರಿಯಲ್ಲಿ ತಮ್ಮನಿಗೆ ಒಂದು ಎತ್ತಿನ ಗಾಡಿ ಎದುರಾಯಿತು. ಯಾರು ಪಕ್ಕಕ್ಕೆ ಸರಿಯಬೇಕು ಎಂಬ ಮಾತು ಬಂತು. ಮಾತಿಗೆ ಮಾತು ಬೆಳೆಯಿತು. ಗಾಡಿಕಾರ ತನ್ನ ಮಚ್ಚನ್ನು ತೆಗೆದು ಬೀಸಿದ. ಒಂದೇ ಸಲ. ತಮ್ಮ ದಾರಿಯ ಬದಿಯಲ್ಲಿ ಕುಳಿತುಕೊಂಡ, ದಣಿದವನು ಕುಳಿತುಕೊಳ್ಳುವ ಹಾಗೆ. ಬಿಸಿಲು ಏರುವ ಮೊದಲೇ ಅವನ ಜೀವ ಹೋಗಿತ್ತು.

ಏಳು ಜನ ಅದನ್ನು ನೋಡಿದ್ದರು. ಅಮಲ್ದಾರರ ಮುಂದೆ ನಿಲ್ಲಿಸಿದಾಗ ಏಳು ಜನರೂ, ನಾವು ಆಗ ಬೇರೆ ಕಡೆ ನೋಡುತ್ತಿದ್ದೆವು, ಎಂದರು. ಕಛೇರಿಗೆ ಅಲೆಯುವುದು ಯಾರಿಗೂ ಬೇಕಿರಲಿಲ್ಲ. ಮಚ್ಚು ಕಛೇರಿಯಲ್ಲಿ ಉಳಿಯಿತು. ಗಾಡಿಕಾರ ಮನೆಗೆ ಹೋದ.

ಅಂದಿನಿಂದ ಎಲೆತೋಟದವನಿಗೆ ಯಾವುದು ನಿದ್ದೆ, ಯಾವುದು ಎಚ್ಚರ ಎಂಬುದು ತಿಳಿಯದಾಯಿತು. ತೋಟದೊಳಗೆ ಯಾವಾಗಲೂ ಹಸಿರು ನೆರಳು. ಆ ನೆರಳಿನಲ್ಲಿ ಅವನು ಬಳ್ಳಿ ಕಟ್ಟುತ್ತಿದ್ದರೆ ಪಕ್ಕದ ಸಾಲಿನಲ್ಲಿ ತಮ್ಮ ಎಲೆ ಕೊಯ್ಯುವ ಸದ್ದು ಕೇಳಿಸುತ್ತಿತ್ತು. ಎಲೆ ಚಿವುಟುವ ಸಣ್ಣ ಸದ್ದು. ಅವನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಸದ್ದು ನಿಂತುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಊಟಕ್ಕೆ ಕುಳಿತರೆ ಕೈ ತುತ್ತನ್ನು ಬಾಯಿಗೆ ತಲುಪಿಸುತ್ತಿತ್ತು, ಅಷ್ಟೆ. ಅವನು ಒಂದು ದಿನವೂ ಅಳಲಿಲ್ಲ. ಅವನ ಹೆಂಡತಿಗೆ ಅದೇ ಭಯವಾಗಿತ್ತು.

ಆ ಮಸುಕಿನ ನಡುವೆ ಅವನಿಗೆ ಒಂದೇ ಒಂದು ವಸ್ತು ಸ್ಪಷ್ಟವಾಗಿ ಕಾಣುತ್ತಿತ್ತು. ಅದು ತೋಟದ ಮಚ್ಚು. ಕಾಲುವೆಯ ಕಲ್ಲಿನ ಮೇಲೆ ಅದನ್ನು ದಿನವೂ ಮಸೆಯುತ್ತಿದ್ದ. ಹೀಗೆ ಒಂಬತ್ತು ತಿಂಗಳು ಹೋದವು.

ಪುಷ್ಯಮಾಸದ ಒಂದು ಮುಂಜಾನೆ ಅವನು ಮಚ್ಚನ್ನು ಹಿಡಿದು ಹೊರಟ. ಗಾಡಿಕಾರನ ಊರು ಮೂರು ಹರಿದಾರಿ. ಮಂಜು ದಟ್ಟವಾಗಿತ್ತು. ನೆಲ ಕಾಣುತ್ತಿರಲಿಲ್ಲ, ಕಾಲು ನೆಲಕ್ಕೆ ತಾಗುತ್ತಿದೆ ಎನ್ನಿಸುತ್ತಲೂ ಇರಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಮುಂದೆ ಯಾರೋ ಹೋಗುತ್ತಿರುವುದು ಕಂಡಿತು. ತಲೆಯ ಮೇಲೆ ಎಲೆಯ ಪಿಂಡಿ. ನಡಿಗೆ ತಮ್ಮನದು. ಅಣ್ಣ ಬೇಗ ನಡೆದರೆ ಅವನೂ ಬೇಗ ನಡೆಯುತ್ತಿದ್ದ. ನಿಂತರೆ ಅವನೂ ನಿಲ್ಲುತ್ತಿದ್ದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹಳ್ಳ ದಾಟಿದ್ದು ಯಾವಾಗ, ಗುಡ್ಡ ಹತ್ತಿ ಇಳಿದದ್ದು ಯಾವಾಗ, ಎಲೆತೋಟದವನಿಗೆ ನೆನಪಿಲ್ಲ. ಮಂಜು ಕರಗಿದಾಗ ಅವನು ಒಂದು ಮನೆಯ ಮುಂದೆ ನಿಂತಿದ್ದ.

ಅಂಗಳದಲ್ಲಿ ಎತ್ತುಗಳು ನಿಂತಿದ್ದವು. ನೊಗ ನೆಲದ ಮೇಲಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು.

"ಗಾಡಿಕಾರನ ಮನೆ ಇದೇ ಏನು?" ಎಂದು ಅವನು ಕೇಳಿದ.

"ಇದೇ," ಎಂದಳು ಆಕೆ. "ಬೆಳಗ್ಗೆ ಗಾಡಿ ಕಟ್ಟಬೇಕೆಂದು ನೊಗ ಎತ್ತಲು ಬಗ್ಗಿದರು. ಮತ್ತೆ ಏಳಲಿಲ್ಲ."

ಅವನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಒಳಗೆ ನೋಡಿದ. ಚಾಪೆಯ ಮೇಲೆ ಒಬ್ಬನನ್ನು ಮಲಗಿಸಿದ್ದರು. ಮುಖದಲ್ಲಿ ನೋವೇನೂ ಇರಲಿಲ್ಲ. ಒಂಬತ್ತು ತಿಂಗಳು ತಾನು ಮನಸ್ಸಿನಲ್ಲಿ ಕೊಂದ ಮನುಷ್ಯ ದೊಡ್ಡ ಆಳಾಗಿದ್ದ. ಇವನು ಸಣಕಲು, ಕಿವಿಯ ಬಳಿ ಕೂದಲು ನರೆತಿತ್ತು.

ಹೆಂಗಸು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕೈಯನ್ನು ನೋಡಿದಳು.

"ಅಣ್ಣಾ, ಚಟ್ಟಕ್ಕೆ ಬಿದಿರು ಕಡಿಯಬೇಕು. ಆ ಮಚ್ಚು ಕೊಡುತ್ತೀರಾ?"

ಅವನು ಕೊಡಲಿಲ್ಲ. ಹಿತ್ತಲಿಗೆ ಹೋಗಿ ತಾನೇ ಬಿದಿರು ಕಡಿದ. ತಾನೇಕೆ ಕಡಿಯುತ್ತಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ. ಕನಸಿನಲ್ಲಿ ಮಾಡುವ ಕೆಲಸಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಗಳ ಜೋಡಿಸಿ, ಅಡ್ಡಪಟ್ಟಿ ಇಟ್ಟು, ಬಾಳೆನಾರಿನಿಂದ ಕಟ್ಟಿದ. ಬಳ್ಳಿ ಕಟ್ಟಿ ಪಳಗಿದ ಕೈ. ಒಂದು ಕಡೆ ಗಂಟು ಸಡಿಲವಾಗಿದೆ ಎನ್ನಿಸಿತು. ಬಿಚ್ಚಿ ಮತ್ತೆ ಕಟ್ಟಿದ.

ಕೊಲೆಯಾದಂದಿನಿಂದ ಊರವರು ಆ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟಿದ್ದರು. ಹೊರಲು ಇದ್ದವರು ಮೂರೇ ಜನ. ಸತ್ತವನ ಮುದಿ ತಂದೆ, ಹೆಂಡತಿಯ ತಮ್ಮ, ದೂರದ ಒಬ್ಬ ನೆಂಟ. ಚಟ್ಟ ಎತ್ತುವ ಹೊತ್ತು ಬಂತು. ಮೂರು ಮೂಲೆಗೆ ಮೂವರು ನಿಂತರು. ನಾಲ್ಕನೆಯ ಮೂಲೆ ನೆಲದ ಮೇಲೆಯೇ ಇತ್ತು. ಮುದುಕ ಬೀದಿಯ ಕಡೆ ನೋಡಿದ. ಬೀದಿಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದ್ದವು.

ಎಲೆತೋಟದವನು ಮಚ್ಚನ್ನು ಜಗಲಿಯ ಮೇಲಿಟ್ಟು ಹೆಗಲು ಕೊಟ್ಟ.

ಸುಡುಗಾಡು ಕೆರೆಯ ಆಚೆಗಿತ್ತು. ಏರಿಯ ಮೇಲೆ ನಡೆಯುವಾಗ ಎರಡೂ ಕಡೆ ಬೆಳಕು, ಒಂದು ಕಡೆ ಆಕಾಶದ್ದು, ಒಂದು ಕಡೆ ನೀರಿನದು. ಭಾರ ಹೆಗಲಿನಲ್ಲಿ ಇಳಿಯುತ್ತಾ ಬಂತು. ಹೊತ್ತಿರುವುದು ಯಾರನ್ನು ಎಂಬುದು ನಡುನಡುವೆ ಅವನಿಗೆ ಮರೆತುಹೋಗುತ್ತಿತ್ತು. ತಮ್ಮನನ್ನು ಸುಟ್ಟ ದಿನವೂ ಹೀಗೇ ನಡೆದಿದ್ದ. ಅವನು ತಲೆಯೆತ್ತಿ ಮುಂದೆ ನೋಡಿದ. ದಾರಿ ಬರಿದಾಗಿತ್ತು.

ಬೆಂಕಿ ಕೊಟ್ಟು, ಕೆರೆಯಲ್ಲಿ ಮುಳುಗಿ, ಅವರು ತಿರುಗಿ ಬಂದರು. ಅವನು ಮಚ್ಚನ್ನು ತೆಗೆದುಕೊಳ್ಳಲು ಜಗಲಿಯ ಬಳಿಗೆ ಹೋದ. ಹೆಂಗಸು ಅಲ್ಲೇ ಇದ್ದಳು.

"ನೀವು ಆ ಎಲೆ ಹೊತ್ತವರ ಅಣ್ಣ," ಎಂದಳು. "ಅದೇ ಮುಖ. ಬಾಗಿಲಲ್ಲಿ ನಿಂತಾಗಲೇ ಗುರುತಾಯಿತು. ಆ ದಿನ ಗಾಡಿಯಲ್ಲಿ ನಾನೂ ಇದ್ದೆ."

"ಗೊತ್ತಿದ್ದೂ ನನ್ನ ಮಚ್ಚು ಕೇಳಿದೆಯಾ, ತಾಯೀ?"

"ನಮ್ಮ ಮನೆಯದನ್ನು ಕಛೇರಿಯವರು ಒಯ್ದರಲ್ಲ," ಎಂದಳು. "ಏನೋ ಮಾಡಬೇಕೆಂದು ಬಂದಿರಿ. ಬೆಂಕಿ ಹತ್ತುವ ತನಕ ತಡೆದಿರಿ, ನನಗೆ ಅಷ್ಟೇ ಸಾಕಾಗಿತ್ತು. ಇನ್ನು ಇಲ್ಲಿ ಉಳಿದಿರುವುದು ನಾನು."

ಅವಳು ಎದ್ದು ಅವನ ಮುಂದೆ ನಿಂತಳು. ಓಡಲಿಲ್ಲ, ಕೈ ಮುಗಿಯಲೂ ಇಲ್ಲ. ಮಚ್ಚು ಅವನ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವನು ಬಾಯಿ ತೆರೆದಾಗ ಬಂದದ್ದು ಅವನೇ ಎಣಿಸಿರದ ಮಾತು.

"ನನ್ನ ತಮ್ಮ ಏನಾದರೂ ಹೇಳಿದನೇ?"

ಒಂಬತ್ತು ತಿಂಗಳಲ್ಲಿ ಇದನ್ನು ಅವನು ಯಾರನ್ನೂ ಕೇಳಿರಲಿಲ್ಲ. ಕೇಳೋಣವೆಂದರೆ, ನೋಡಿದೆನೆಂದು ಒಪ್ಪಿಕೊಂಡವರು ಯಾರೂ ಇರಲಿಲ್ಲ.

"ಹೇಳಿದರು," ಎಂದಳು ಹೆಂಗಸು. "ನಾನು ಗಾಡಿಯಿಂದ ಇಳಿದು ಅವರ ತಲೆಯನ್ನು ಹಿಡಿದುಕೊಂಡೆ. ಎಲೆಗೆ ಒಂದಿಷ್ಟು ನೀರು ಚಿಮುಕಿಸಮ್ಮ, ಬಿಸಿಲಿಗೆ ಬಾಡುತ್ತದೆ, ಎಂದರು."

"ಆಮೇಲೆ?"

"ಚಿಮುಕಿಸಿದೆ. ಅವರು ನೋಡುತ್ತಿದ್ದರು."

ಎಲೆತೋಟದವನು ಅಂಗಳದಲ್ಲೇ ಕುಳಿತುಬಿಟ್ಟ. ಅವನಿಗೆ ಅಳು ಬಂತು. ಸಣ್ಣ ಮಕ್ಕಳು ಅಳುವ ಹಾಗೆ ಬಾಯಿ ತೆರೆದು ಅತ್ತ. ಒಳಗಿನಿಂದ ಮುದುಕ ಎದ್ದು ಬಂದು ನೋಡಿದ, ಏನೂ ಕೇಳದೆ ಅವನ ಪಕ್ಕದಲ್ಲಿ ಕುಳಿತ. ಹೆಂಗಸು ಎತ್ತುಗಳಿಗೆ ಹುಲ್ಲು ಹಾಕಲು ಹೋದಳು. ಬೆಳಗಿನಿಂದ ಅವುಗಳನ್ನು ಯಾರೂ ನೋಡಿಕೊಂಡಿರಲಿಲ್ಲ.

ಹೊತ್ತು ಇಳಿಯುವ ಮುನ್ನ ಅವನು ತನ್ನ ಊರಿನ ದಾರಿ ಹಿಡಿದ. ಮಚ್ಚು ಆ ಜಗಲಿಯ ಮೇಲೆಯೇ ಉಳಿಯಿತು. ಮರೆತನೋ, ಆ ಮನೆಗೆ ಇರಲಿ ಎಂದು ಬಿಟ್ಟನೋ, ಹೇಳಬಲ್ಲವರಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊಂಬಯ್ಯ ತಲೆ ತಗ್ಗಿಸಿ ಕುಳಿತಿದ್ದ. ತಲೆಯೆತ್ತದೆಯೇ ಕೇಳಿದ.

"ಹಾಗಾದರೆ ಅವನು ಕೊಂದವನನ್ನು ಕ್ಷಮಿಸಿದನೇ, ಗುರುಗಳೇ?"

"ಅದು ನನಗೆ ತಿಳಿಯದು, ಮಗು. ನಿಮ್ಮ ಊರಿನ ಆ ನೆರೆಹೊಲದವನ ಮನೆಯಲ್ಲಿ ಈ ಹೊತ್ತು ಚಟ್ಟ ಹೊರುವವರು ಎಷ್ಟು ಜನ ಇದ್ದಾರೆ?"

ಹೊಂಬಯ್ಯ ಎದ್ದು ತನ್ನ ಊರಿನ ದಾರಿ ಹಿಡಿದ.