ಕೆಸರಿನ ಹಾಜರಿ

ಮಕ್ಕಳೇ, ವರ್ಷದಲ್ಲಿ ನಾಲ್ಕು ತಿಂಗಳು ಹಿಮ ಬೀಳುವ ಒಂದು ಬೆಟ್ಟದ ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಒಂದು ಕಚೇರಿ ನಡೆಸುತ್ತಿದ್ದವು. ಬೇಸಿಗೆಯಲ್ಲಿ ಕೂಡಿಟ್ಟ ಕಾಳನ್ನು ಆರಿಸಿ ಚಳಿಗಾಲದಲ್ಲಿ ಹಂಚುವುದು ಆ ಕಚೇರಿಯ ಕೆಲಸ. ಜಡೆಯಪ್ಪ ಎಂಬ ಕರಡಿ ಅದರ ಯಜಮಾನ.

ಜಡೆಯಪ್ಪ ಕೆಟ್ಟವನಲ್ಲ. ಆದರೆ ಅವನಿಗೆ ಕೆಲಸಕ್ಕಿಂತ ಹಾಜರಿಯ ಮೇಲೆ ಪ್ರೀತಿ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಕಚೇರಿಯ ಬಾಗಿಲಲ್ಲಿ ಒಂದಿಷ್ಟು ಕೆಸರು ಕಲಸಿಡಿಸಿದ್ದ. ಬಂದವರು ಅದರಲ್ಲಿ ಪಾದ ಒತ್ತಬೇಕು. ಗುರುತು ಮೂಡಿದರೆ ಹಾಜರು, ಅಂದಿನ ಕಾಳು ಸಿಗುತ್ತದೆ. ಮೂಡದಿದ್ದರೆ ಗೈರುಹಾಜರು, ಕಾಳಿಲ್ಲ. ಯಜಮಾನನಿಗೂ ಅದೇ ನಿಯಮ.

ಒಂದು ದಿನ ಆಕಾಶ ಕಪ್ಪಿಟ್ಟಿತು. ಮೊಲ ಕಿವಿಯಕ್ಕ ಯಜಮಾನನ ಬಳಿ ಬಂದಳು.

“ನಾಳೆ ಹಿಮ ಜೋರಾಗಿ ಬೀಳುವ ಹಾಗಿದೆ, ಯಜಮಾನರೇ. ಮನೆಯಲ್ಲಿ ಮೂರು ಎಳೆಯ ಮರಿಗಳಿವೆ. ನನ್ನ ಪಾಲಿನ ಕಾಳು ಕೊಡಿ, ಬಿಲದಲ್ಲೇ ಕೂತು ಆರಿಸುತ್ತೇನೆ.”

“ಬಿಲದಲ್ಲಿ ಕೂರುವುದಕ್ಕೆ ಕೆಲಸ ಎನ್ನುವುದಿಲ್ಲ, ಕಿವಿಯಕ್ಕ. ಕೂರುವುದು ಎನ್ನುತ್ತಾರೆ.”

ಮರುದಿನ ಮೊಲದ ಕಿವಿ ಮುಳುಗುವಷ್ಟು ಹಿಮ. ಮನೆಯಲ್ಲಿ ಒಂದು ಕಾಳೂ ಇಲ್ಲ. ಕಿವಿಯಕ್ಕ ಮರಿಗಳ ಮೇಲೆ ಒಣಹುಲ್ಲು ಹೊದಿಸಿ, ಬಿದ್ದು ಎದ್ದು ಕಚೇರಿ ತಲುಪಿದಳು. ಬಾಗಿಲಲ್ಲಿ ಪಾದ ಒತ್ತಿದಳು. ಕೆಸರು ಹೆಪ್ಪುಗಟ್ಟಿ ಕಲ್ಲಾಗಿತ್ತು.

ಜಡೆಯಪ್ಪ ಬಗ್ಗಿ ನೋಡಿದ. “ಗೈರುಹಾಜರು.”

“ನಿಮ್ಮ ಎದುರಿಗೇ ನಿಂತಿದ್ದೇನಲ್ಲ?”

“ನಿಂತಿರುವುದು ಕಾಣುತ್ತಿದೆ. ಬಂದಿರುವುದು ಕಾಣುತ್ತಿಲ್ಲ.”

ಪಾಪ, ಅವಳಿಗೆ ಅಳು ಬಂತು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಂದು ಹಾಜರಾದವನು ಆಮೆ ಚಿಪ್ಪಣ್ಣ ಒಬ್ಬನೇ. ತಡವಾಗಬಾರದೆಂದು ಹಿಂದಿನ ಸಂಜೆಯೇ ಬಂದು, ಕೆಸರಿನಲ್ಲಿ ಕಾಲಿಟ್ಟು ಅಲ್ಲೇ ನಿದ್ದೆಹೋಗಿದ್ದ. ಈಗ ಕಾಲು ಕೆಸರಿನ ಜೊತೆಗೇ ಹೆಪ್ಪುಗಟ್ಟಿತ್ತು. ಯಾರು ಕೂಗಿದರೂ ಏಳಲಿಲ್ಲ.

“ಇವನನ್ನು ನೋಡಿ ಕಲಿಯಿರಿ,” ಎಂದ ಜಡೆಯಪ್ಪ.

ಮಧ್ಯಾಹ್ನ ಅವನಿಗೆ ಹಸಿವಾಯಿತು. ಉಗ್ರಾಣ ನೋಡಿಕೊಳ್ಳುವ ಅಳಿಲು ಪಟ್ಟೆರಾಯನ ಮುಂದೆ ಬೊಗಸೆಯೊಡ್ಡಿದ. ಪಟ್ಟೆರಾಯ ಬಾಗಿಲಿಗೆ ಹೋಗಿ ಕೆಸರು ನೋಡಿ ಬಂದ.

“ನಿಮ್ಮ ಗುರುತಿಲ್ಲ, ಯಜಮಾನರೇ.”

ಎಲ್ಲರ ಪಾದ ನೋಡುವ ಗಡಿಬಿಡಿಯಲ್ಲಿ ಜಡೆಯಪ್ಪ ತನ್ನ ಪಾದ ಒತ್ತುವುದನ್ನೇ ಮರೆತಿದ್ದ. ಓಡಿಹೋಗಿ ಒತ್ತಿದ. ಮೇಲೆ ಹತ್ತಿ ಕುಣಿದ. ಜಾರಿ ಬಿದ್ದ. ಗುರುತು ಮೂಡಿತು, ಆದರೆ ಅವನ ಸೊಂಟದ ಮೇಲೆ.

“ಬೆಳಗಿನಿಂದ ಇಲ್ಲೇ ಇದ್ದೇನಲ್ಲೋ.”

“ಇರುವುದು ಕಾಣುತ್ತಿದೆ,” ಎಂದ ಪಟ್ಟೆರಾಯ. “ಬಂದಿರುವುದು ಕಾಣುತ್ತಿಲ್ಲ. ಇವತ್ತಿನ ಕಾಳೆಲ್ಲ ಚಿಪ್ಪಣ್ಣನದು. ಅವನು ಎದ್ದ ಮೇಲೆ ಕೇಳಿಕೊಳ್ಳಿ.”

“ಯಾವಾಗ ಏಳುತ್ತಾನೆ?”

“ಹಿಮ ಕರಗಿದ ಮೇಲೆ.”

ಜಡೆಯಪ್ಪನ ಹೊಟ್ಟೆ ಗುರ್ ಎಂದಿತು. ಬರಿಗೈಯಲ್ಲಿ ಮನೆಗೆ ಹೋಗಲಾರದೆ ಕಿವಿಯಕ್ಕ ಇನ್ನೂ ಮೂಲೆಯಲ್ಲಿ ನಡುಗುತ್ತಿದ್ದಳು. ಅವಳ ಮರಿಗಳ ಹೊಟ್ಟೆಯೂ ಹೀಗೇ ಅನ್ನುತ್ತಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ನಾಚಿಕೆಯಾಯಿತು.

“ಕೆಸರು ನೋಡಿದ್ದು ಸಾಕು, ಪಟ್ಟೆರಾಯ. ಎಲ್ಲರಿಗೂ ಕಾಳು ಕೊಡು.”

ಜಡೆಯಪ್ಪ ತಾನೇ ಒಂದು ಚೀಲ ಕಾಳು ಹೆಗಲಿಗೇರಿಸಿ, ಕಿವಿಯಕ್ಕನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಿಮದಲ್ಲಿ ನಡೆದ. ಬಿಲದೊಳಗೆ ಮೂರೂ ಮರಿಗಳು ಒಂದಕ್ಕೊಂದು ಅಂಟಿಕೊಂಡು ಕಾಯುತ್ತಿದ್ದವು. ಚೀಲ ಇಳಿಸಿ ಜಡೆಯಪ್ಪ ಹೇಳಿದ: “ಹಿಮ ಕರಗುವ ತನಕ ಇಲ್ಲೇ ಆರಿಸು, ಕಿವಿಯಕ್ಕ. ಇದಕ್ಕೂ ಕೆಲಸ ಎನ್ನುತ್ತಾರೆ.”

ವಸಂತದಲ್ಲಿ ಚಿಪ್ಪಣ್ಣ ಕಣ್ಣು ತೆರೆದ. ಇಡೀ ಚಳಿಗಾಲ ಒಂದು ದಿನವೂ ತಪ್ಪಿಸದೆ ಹಾಜರಿದ್ದವನು ಅವನೊಬ್ಬನೇ. ಎದ್ದವನೇ ಕೇಳಿದ: “ತಡವಾಯಿತೇ?”

ನೀತಿ: ಹಾಜರಿ ಇರುವುದು ಕೆಲಸಕ್ಕಾಗಿ; ಕೆಲಸಗಾರರ ಕಷ್ಟ ಕಾಣದ ಹಾಜರಿ ಯಾರ ಹೊಟ್ಟೆಯನ್ನೂ ತುಂಬಿಸದು.