ಜಾಲಿಗುಂಟೆಯ ತೊಟ್ಟಿಲಗುಂಡು

ನಮ್ಮ ಜಾಲಿಗುಂಟೆಯ ಬಸ್ ನಿಲ್ದಾಣದ ಹಿಂದೆ ಎರಡು ದೊಡ್ಡ ಗುಂಡುಕಲ್ಲುಗಳಿವೆ. ನಡುವೆ ಒಂದು ಎತ್ತಿನಗಾಡಿ ಸಲೀಸಾಗಿ ಹಾಯುವಷ್ಟು ಜಾಗ. ಇವೆರಡಕ್ಕೂ ಸೇರಿಸಿ ತೊಟ್ಟಿಲಗುಂಡು ಎಂದು ಹೆಸರು. ಊರಿನ ಸಕಲ ಸಮಾಚಾರವೂ ಮೊದಲು ಬಂದು ಬೀಳುವುದು ಇಲ್ಲಿಯೇ. ನಲ್ಲಿ ನೀರು ಎಂದು ಬರುತ್ತದೆ, ಯಾರ ಮೇಕೆ ತಪ್ಪಿಸಿಕೊಂಡಿದೆ, ಕಬಡ್ಡಿ ಪಂದ್ಯದಲ್ಲಿ ಯಾವ ಓಣಿ ಗೆದ್ದಿತು, ಯಾರಿಗೆ ಷಷ್ಟಿಪೂರ್ತಿ, ಯಾರಿಗೆ ಶ್ರದ್ಧಾಂಜಲಿ, ಎಲ್ಲದಕ್ಕೂ ಇಲ್ಲಿ ಒಂದು ಫ್ಲೆಕ್ಸ್ ಎದ್ದು ನಿಲ್ಲುತ್ತದೆ. ಮೈಕ್ ಕಟ್ಟಿದ ಆಟೋ ಕೂಡ ಇಲ್ಲಿಂದಲೇ ಗಂಟಲು ಸರಿಮಾಡಿಕೊಂಡು ಹೊರಡುತ್ತದೆ. ಸುದ್ದಿಯೆಂದರೆ ನಮ್ಮೂರಿಗೆ ಪ್ರಾಣ. ಊಟ ಬಿಟ್ಟೇವು, ಸುದ್ದಿ ಬಿಡೆವು. ಹೊರಗಿನಿಂದ ಬಂದವರು ಮಾತ್ರ ತೊಟ್ಟಿಲೆಂಬ ಹೆಸರು ಕೇಳಿ, ಇದು ಸಂತಾನ ಕೊಡುವ ದೇವಿಯ ನೆಲೆಯಿರಬೇಕೆಂದು ಭಾವಿಸಿ ಹಣ್ಣುಕಾಯಿ ಹಿಡಿದುಕೊಂಡು ಬರುತ್ತಾರೆ. ಪಾಪ, ಅವರಿಗೇನು ಗೊತ್ತು? ಇಲ್ಲಿ ತೂಗಿಸಿಕೊಂಡ ಕೂಸಿನ ಬಾಯಲ್ಲಿ ಇದ್ದದ್ದು ಎರಡೇ ಹಲ್ಲು, ಅವೂ ಅಲ್ಲಾಡುತ್ತಿದ್ದವು!

ಹಿಂದೆ ಒಮ್ಮೆ, ಪಾಳೇಗಾರರ ಕಾಲದಲ್ಲಿ, ಊರಿನ ಎಲ್ಲೆ ಈ ಎರಡು ಗುಂಡುಗಳ ನಡುವೆಯೇ ಹಾದುಹೋಗಿತ್ತು ಎನ್ನುತ್ತಾರೆ. ಪೂರ್ವದ ಗುಂಡು ಊರಿಗೆ ಸೇರಿದ್ದು, ಪಡುವಣದ್ದು ಹೊರಗಿನದು. ಊರಗುಂಡಿನ ಮೇಲೆ ಹತ್ತಿ, ಹಲಗೆ ಬಾರಿಸಿ, ದಿನದ ಸುದ್ದಿಯನ್ನು ಸಾರುವುದು ಹೊನ್ನೂರಪ್ಪನೆಂಬವನ ಮನೆತನದ ಕೆಲಸವಾಗಿತ್ತು. ಅವನ ಕಂಠವೋ ಕಂಠ! ಅವನು ಕೆಮ್ಮಿದರೆ ಕೆರೆಯಾಚೆ ಮೇಯುತ್ತಿದ್ದ ದನಗಳು ತಲೆಯೆತ್ತಿ ನೋಡುತ್ತಿದ್ದವಂತೆ. ಸಾರುವುದಕ್ಕೆ ಊರು ಒಂದು ಕಟ್ಟಳೆ ಮಾಡಿಕೊಂಡಿತ್ತು: ಗುಂಡಿನಿಂದ ಇಳಿದ ಮಾತು ಮತ್ತೆ ಗುಂಡು ಹತ್ತಬಾರದು. ಅಂದರೆ, ಒಮ್ಮೆ ಸಾರಿದ್ದನ್ನು ಊರು ನಿಜವೆಂದೇ ನಡೆಸಬೇಕು, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದು ಸುಳ್ಳೆಂದು ಊರೇ ಒಪ್ಪಿದ ದಿನ, ಸಾರಿದವನು ಹಲಗೆಯನ್ನು ಕೆಳಗಿಟ್ಟು ಹೆಂಡತಿ ಮಕ್ಕಳೊಡನೆ ಊರು ಬಿಡಬೇಕು. ಇಂಥ ಬಿಗಿ ಇದ್ದುದರಿಂದಲೇ ನಮ್ಮೂರಿನ ಸುದ್ದಿಗೆ ಸುತ್ತಲ ಹಟ್ಟಿಗಳಲ್ಲೆಲ್ಲ ಬೆಲೆಯಿತ್ತು. ಹೊನ್ನೂರಪ್ಪ ಒಳ್ಳೆಯವನೇ, ಸುಳ್ಳಾಡುವವನಲ್ಲ. ಆದರೆ ಯಾವ ಸುದ್ದಿಯೂ ತನಗಿಂತ ಮೊದಲು ಇನ್ನೊಬ್ಬರ ಬಾಯಿಂದ ಹೊರಡಬಾರದು ಎಂಬ ಒಂದು ಚಪಲವಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅದೇ ಊರಿನಲ್ಲಿ ಸಣ್ಣೀರವ್ವ ಎಂಬ ಮುದುಕಿಯಿದ್ದಳು. ಮಗ ಓಬಯ್ಯ, ಸೊಸೆ ಗಾದ್ರವ್ವ, ಒಂದು ಎಮ್ಮೆ, ಇಷ್ಟು ಅವಳ ಸಂಸಾರ. ಬಾಯಿ ಜೋರು, ಕೈ ಧಾರಾಳ. ಗುಡ್ಡದಾಚೆಯ ಹೊಸಹಟ್ಟಿಗೆ ಕೊಟ್ಟಿದ್ದ ಮಗಳು ಬಸುರಿಯಾಗಿದ್ದಳು. ಅತ್ತೆಯಿಲ್ಲದ ಮನೆ, ನೋಡಿಕೊಳ್ಳುವವರಿಲ್ಲ ಎಂದು ಮುದುಕಿಯೇ ಅಲ್ಲಿಗೆ ಹೋಗಿದ್ದಳು. ಹೆರಿಗೆಗೆ ಇನ್ನೂ ದಿನವಿದೆಯೆಂದು ಊರಿನ ಹೆಂಗಸರೆಲ್ಲ ಬೆರಳು ಮಡಿಸಿ ಹೇಳಿದ್ದರು. ಆದರೆ ಕೂಸಿಗೆ ನಮ್ಮೂರವರ ಬೆರಳೆಣಿಕೆ ತಿಳಿಯಬೇಕಲ್ಲ! ಅದು ಮುಂಚೆಯೇ ಹುಟ್ಟಿಬಿಟ್ಟಿತು. ಗಂಡುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಈ ಸಿಹಿಸುದ್ದಿಯನ್ನು ಓಬಯ್ಯನಿಗೆ ಮುಟ್ಟಿಸಲು ಅಳಿಯನ ತಮ್ಮ ಸಂಜೆಗೆ ಜಾಲಿಗುಂಟೆಗೆ ಬಂದ.

ಬಂದವನಿಗೆ ಮೊದಲು ಎದುರಾದದ್ದು ಹೊನ್ನೂರಪ್ಪನ ಮನೆ. "ಬಾರಪ್ಪ ಒಳಗೆ, ನೀರು ಕುಡಿ" ಎಂದು ಹೊನ್ನೂರಪ್ಪ ಕರೆದ. ಬಂದವನು ಒಳಗೆ ಬರಲಿಲ್ಲ, ಕೆರ ಕಳಚಲಿಲ್ಲ, ಚೊಂಬು ಮುಟ್ಟಲಿಲ್ಲ. "ಸಣ್ಣೀರವ್ವನ ಮನೆಯವರಿಗೆ ಒಂದು ಸುದ್ದಿ ಹೇಳಬೇಕಾಗಿತ್ತು" ಎಂದು ಅಂಗಳದಲ್ಲೇ ನಿಂತ. ಆಗಿನ ರೂಢಿ ಹೀಗಿತ್ತು: ಸಾವಿನ ಸುದ್ದಿ ತಂದವನು ಯಾರ ಹೊಸ್ತಿಲನ್ನೂ ದಾಟುವುದಿಲ್ಲ, ಯಾರ ಮನೆಯ ನೀರನ್ನೂ ಕುಡಿಯುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ, ನಿಂತ ರೀತಿಯಲ್ಲೇ ಅರ್ಥ ಮಾಡಿಕೊಳ್ಳಬೇಕು. ಹೆರಿಗೆಯಾದ ಮನೆಯವರಿಗೂ ಮೈಲಿಗೆಯುಂಟು, ಪುರುಡು ಕಳೆಯುವವರೆಗೆ ಅವರೂ ಹಾಗೆಯೇ ಹೊರಗೆ ನಿಲ್ಲುತ್ತಾರೆ. ಹೊನ್ನೂರಪ್ಪನಿಗೆ ಇದು ತಿಳಿಯದ್ದೇನಲ್ಲ. ಆದರೆ ಹೆರಿಗೆಗೆ ದಿನವಿದೆಯೆಂದು ಊರೇ ಎಣಿಸಿತ್ತಲ್ಲ! ಮುದುಕಿ ಹೋಗಿಬಿಟ್ಟಳೆಂದೇ ಅವನು ತಿಳಿದ. ಬಂದವನು ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ಹಲಗೆಯನ್ನು ಹೆಗಲಿಗೇರಿಸಿ ಓಡಿದವನೇ ಗುಂಡು ಹತ್ತಿ, "ಕೇಳ್ರಪ್ಪೋ ಕೇಳ್ರಿ! ನಮ್ಮ ಸಣ್ಣೀರವ್ವ ಶಿವನ ಪಾದ ಸೇರಿದಳು!" ಎಂದು ಸಾರಿಬಿಟ್ಟ.

ಊರಿಗೆ ಊರೇ ಗೊಳೋ ಎಂದಿತು. ಸಾವು ಸಾರಿದರೆ ಯಾರ ಮನೆಯಲ್ಲೂ ಒಲೆ ಉರಿಯಬಾರದು. ಹಚ್ಚಿದ ಒಲೆಗಳಿಗೆಲ್ಲ ನೀರು ಬಿತ್ತು. ಹೊಸಹಟ್ಟಿಯವನು ಓಣಿಯಲ್ಲಿ ನಿಂತು ಈ ಗೋಳಾಟ ನೋಡಿದ. ಹಲಗೆಯ ಸದ್ದಿನಲ್ಲಿ ಸತ್ತವರ ಹೆಸರು ಅವನ ಕಿವಿಗೆ ಬಿದ್ದಿರಲಿಲ್ಲ; ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದುಕೊಂಡ. ಅಳುವ ಊರಿನಲ್ಲಿ ಗಂಡುಮಗು ಹುಟ್ಟಿದ ಸುದ್ದಿ ಹೇಳುವುದು ಅಪಶಕುನ; ಅದೂ ಒಂದು ರೂಢಿಯೇ. ಹಾಗಾಗಿ ಅವನು ತುಟಿ ಪಿಟಕ್ಕೆನ್ನದೆ ಬಂದ ದಾರಿಯಲ್ಲೇ ತಿರುಗಿ ಹೋದ. ರೂಢಿ ಮೀರಲೊಲ್ಲದ ಇಬ್ಬರು ಸೇರಿ ಎಂಥ ಅನಾಹುತ ಮಾಡಿದರು ನೋಡಿ! ಹೊಸಹಟ್ಟಿಗೆ ಹೋಗಿ ಅವನು ಸಣ್ಣೀರವ್ವನಿಗೆ, "ಅವ್ವ, ನಿಮ್ಮೂರಲ್ಲಿ ಯಾರೋ ಹೋಗವ್ರೆ, ನಾನು ಏನೂ ಹೇಳದೆ ಬಂದೆ" ಎಂದ. ನೆಂಟರ ಊರಿನಲ್ಲಿ ಕುಳಿತು ತನ್ನೂರಿನ ಸಾವಿಗೆ ತಪ್ಪಿಸಿಕೊಳ್ಳುವ ಜಾಯಮಾನವೇ ಆ ಮುದುಕಿಯದು? ಬಾಣಂತಿಯನ್ನು ನೆರೆಯವಳಿಗೆ ಒಪ್ಪಿಸಿ, ನಸುಕಿನಲ್ಲೇ ಗುಡ್ಡದ ಕಾಲುದಾರಿ ಹಿಡಿದಳು.

ಬೆಳಗಾಗುವ ಹೊತ್ತಿಗೆ ಓಬಯ್ಯನೂ ಊರಿನ ಗಂಡಸರೂ ಹೊಸಹಟ್ಟಿಯಿಂದ ಹೆಣ ತರಲು ಗುಂಡುಗಳ ಬಳಿ ನೆರೆದಿದ್ದರು; ಅವರನ್ನು ಕಳಿಸಲು ಗಾದ್ರವ್ವನೂ ಹೆಂಗಸರೂ ಬಂದಿದ್ದರು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಅಳು ಕೇಳಿಸಿತು. ಸಾವಿಗೆ ಬರುವ ಹೆಂಗಸು ಊರ ಎಲ್ಲೆಯಿಂದಲೇ ದನಿ ತೆಗೆಯಬೇಕಲ್ಲವೇ? ಸಣ್ಣೀರವ್ವ ಎದೆ ಬಡಿದುಕೊಳ್ಳುತ್ತಾ, "ಅಯ್ಯೋ ನನ್ನಪ್ಪಾ, ನನ್ನ ಬಿಟ್ಟು ಯಾರು ಹೋದ್ರಪ್ಪಾ!" ಎಂದು ಹಾಡಿಕೊಂಡು ಬಂದಳು. ಅವಳು ಸೊಸೆಯ ಕಡೆ ತಿರುಗಿ, "ಹೇಳೇ ಗಾದ್ರಿ, ಹೋದೋರು ಯಾರೇ?" ಎಂದಳು.

"ನೀವೇ ಅತ್ತೆ" ಎಂದಳು ಗಾದ್ರವ್ವ.

ಓಬಯ್ಯ ಅಳುತ್ತಾ ನಗುತ್ತಾ ತಾಯಿಯನ್ನು ತಬ್ಬಿಕೊಳ್ಳಲು ಓಡಿದ. ಹಿರಿಯರು ಹಿಡಿದು ನಿಲ್ಲಿಸಿದರು. ಸಂತೋಷ ಅವರಿಗೂ ಇತ್ತು, ಅವರೇನು ಕಲ್ಲೇ? ಆದರೆ ಸತ್ತಳೆಂದು ಗುಂಡಿನ ಮೇಲೆ ಸಾರಿಯಾಗಿತ್ತು. ಸತ್ತವಳು ಎಲ್ಲೆ ದಾಟಿ ಒಳಗೆ ಬರುವಂತಿಲ್ಲ. ಬರಲಿ ಎಂದರೆ ಸಾರಿದ್ದು ಸುಳ್ಳಾಗುತ್ತದೆ, ಹೊನ್ನೂರಪ್ಪನ ಸಂಸಾರ ಬೀದಿಗೆ ಬೀಳುತ್ತದೆ. ಊರಗೌಡ ಬೋರಣ್ಣ ಕಣ್ಣೊರೆಸಿಕೊಂಡು, "ಅವ್ವ, ನಿನ್ನ ಒಳಗೆ ಕರೆದರೆ ಇವನನ್ನ ಹೊರಗೆ ಕಳಿಸಬೇಕು. ಏನು ಮಾಡಲಿ, ನೀನೇ ಹೇಳು" ಎಂದ. ಹೊನ್ನೂರಪ್ಪ ತಲೆ ತಗ್ಗಿಸಿ ನಿಂತಿದ್ದ.

ಸಣ್ಣೀರವ್ವ ಹೊರಗುಂಡಿಗೆ ಒರಗಿ ಕುಳಿತಳು. ಎದುರಿಗೇ ತನ್ನ ಮನೆಯ ಮಾಳಿಗೆ ಕಾಣುತ್ತಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಅರಚುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಬಾಳಿದ ಊರಿಗೆ ತಾನು ಪರಕೀಯಳಾಗಿ ಕುಳಿತಿದ್ದೇನಲ್ಲ ಎಂದುಕೊಂಡಳು ಮುದುಕಿ. ಆಮೇಲೆ ಹೊನ್ನೂರಪ್ಪನ ಹೆಂಡತಿಯನ್ನು ನೋಡಿದಳು. ಅವಳು ಆಗಲೇ ಮಕ್ಕಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದಳು. ಅದನ್ನು ಕಂಡು ಮುದುಕಿಗೆ ಸಿಟ್ಟು ಬಂತು. "ಏನ್ರೋ ಹಿಂಗೆ ಮಂಕು ಬಡಿದಂಗೆ ನಿಂತೀರಿ? ನಾನು ಸತ್ತಿದ್ದು ನಿಜ, ಆಯ್ತಾ? ಹೊನ್ನೂರ ಸಾರಿದ್ದೂ ನಿಜ. ಸತ್ತೋರು ಮತ್ತೆ ಹುಟ್ಟಬಾರದು ಅಂತ ಯಾವ ಗುಂಡಿನ ಮೇಲೆ ಸಾರೀರಿ? ಒಂದು ತೊಟ್ಟಿಲು ಕಟ್ಟಿ! ಬೇಗ ಕಟ್ಟಿ, ನನ್ನ ಎಮ್ಮೆ ಅರಚ್ತಾ ಐತೆ."

ಗೌಡ ಮೊದಲು ಬೆರಗಾದ, ಆಮೇಲೆ ನಕ್ಕ. ಅವನು ನಕ್ಕದ್ದೇ ತಡ, ಊರೆಲ್ಲ ಹೋ ಎಂದಿತು. ಬಾವಿಯ ಹಗ್ಗಗಳನ್ನು ತಂದು ಎರಡೂ ಗುಂಡುಗಳಿಗೆ ಸುತ್ತಿ ಬಿಗಿದು, ನಡುವೆ ಕರಿಕಂಬಳಿಯ ಜೋಲಿ ಕಟ್ಟಿದರು. ಹೊರಗಿನ ಕಡೆಯಿಂದ ಸಣ್ಣೀರವ್ವ ಅದರೊಳಗೆ ಹತ್ತಿದಳು. ಗಾದ್ರವ್ವ ತೂಗಿದಳು, ಹೆಂಗಸರು ಜೋಗುಳ ಹಾಡಿದರು. "ಮೆಲ್ಲಗೆ ತೂಗ್ರೇ, ಸೊಂಟ ಮುರಿದೀತು" ಎಂದು ಕೂಸು ಬೈಯಿತು. ಹೆಸರಿಡುವಾಗ ಕಿವಿಯಲ್ಲಿ ಹೆಸರು ಉಸುರಲು ಸೋದರತ್ತೆ ಬೇಕು. ಈ ಕೂಸಿನ ಸೋದರತ್ತೆ ತೀರಿಹೋಗಿ ಯಾವ ಕಾಲವಾಯಿತೋ! ಮುದುಕಿ ತಾನೇ ಬೆರಳು ಮಾಡಿ ಹೊನ್ನೂರಪ್ಪನನ್ನು ಕರೆದಳು.

ಹೊನ್ನೂರಪ್ಪ ಬಗ್ಗಿ ಅವಳ ಕಿವಿಗೆ ಬಾಯಿಟ್ಟ. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿ ಗೊತ್ತಿಲ್ಲದವನು. ಹೆಸರು ಹೇಳುವ ಬದಲು, "ತಪ್ಪಾಯ್ತು ಕಣವ್ವಾ!" ಎಂದುಬಿಟ್ಟ. ಅದು ಅವನ ಪಾಲಿಗೆ ಪಿಸುಮಾತು, ಆದರೆ ಊರಿಗೆಲ್ಲ ಕೇಳಿಸಿತು. ಎಲ್ಲರ ನಗೆಯೂ ನಿಂತಿತು. ತಪ್ಪಾಯಿತೆಂದರೆ ಸಾರಿದ್ದು ಸುಳ್ಳೆಂದು ಒಪ್ಪಿದಂತೆಯೇ ಅಲ್ಲವೇ? ಗೌಡನ ಮುಖ ಕಪ್ಪಿಟ್ಟಿತು. ಸಣ್ಣೀರವ್ವ ಜೋಲಿಯಿಂದ ಎದ್ದು ಕುಳಿತು, "ಕೂಸಿನ ಕಿವೀಲಿ ಹೇಳಿದ್ದು ಕೂಸಿಗೆ ಸೇರಿದ್ದು. ಬೇರೆ ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ?" ಎಂದು ಸುತ್ತ ಕಣ್ಣಾಡಿಸಿದಳು.

"ಇಲ್ಲವ್ವ, ಏನೂ ಕೇಳಿಸಲಿಲ್ಲ" ಎಂದ ಗೌಡ. ಇಡೀ ಊರೂ ಕೇಳಿಸಲಿಲ್ಲವೆಂದಿತು. ಮುದುಕಿ ಊರ ಕಡೆಯಿಂದ ಕೆಳಗಿಳಿದು, ಸೊಸೆಯ ಹೆಗಲು ಹಿಡಿದು, ಎಮ್ಮೆಯ ಹಾಲು ಕರೆಯಲು ಮನೆಗೆ ಹೋದಳು. ಹೊನ್ನೂರಪ್ಪ ಗುಂಡು ಹತ್ತಿ, ಊರಿಗೊಂದು ಹೆಣ್ಣುಮಗು ಹುಟ್ಟಿದೆಯೆಂದೂ, ಹೊಸಹಟ್ಟಿಯಲ್ಲೊಂದು ಗಂಡುಮಗು ಹುಟ್ಟಿದೆಯೆಂದೂ ಒಟ್ಟಿಗೇ ಸಾರಿದನೆಂದು ಹೇಳುತ್ತಾರೆ.

ಈಗ ಬರುವವರಿಗೆ ಎರಡೂ ಗುಂಡುಗಳ ನಡುಮಟ್ಟದಲ್ಲಿ ಹಗ್ಗ ಉಜ್ಜಿದ ಗೆರೆ ಕಾಣಿಸುತ್ತದೆ. ಒಂದು ದಿನ ತೂಗಿದ್ದಕ್ಕೆ ಕಲ್ಲು ಸವೆಯುತ್ತದೆಯೇ ಎಂದು ರಸ್ತೆ ಅಳೆಯಲು ಬಂದ ಇಂಜಿನಿಯರೊಬ್ಬರು ಕೇಳಿದರು. ಮುದುಕಿಯ ತೂಕ ನಿಮಗೆ ಗೊತ್ತಿಲ್ಲ ಸ್ವಾಮಿ ಎಂದೆ. ಇನ್ನೊಂದನ್ನೂ ಬಂದವರು ನೋಡಬಹುದು. ಜಾಲಿಗುಂಟೆಯಲ್ಲಿ ಇಬ್ಬರ ನಡುವೆ ಮಾತು ಕೆಟ್ಟರೆ, ತಪ್ಪು ಮಾಡಿದವನು ಇನ್ನೊಬ್ಬನನ್ನು ಈ ಗುಂಡುಗಳ ನಡುವೆ ಕರೆತಂದು ಕಿವಿಯಲ್ಲಿ ಒಂದು ಮಾತು ಹೇಳಿ ಹೋಗುತ್ತಾನೆ. ಮೊನ್ನೆ ಪಂಚಾಯಿತಿಯ ಚುನಾವಣೆಯಲ್ಲಿ ಮುಖ ಮುರಿದುಕೊಂಡಿದ್ದ ಅಣ್ಣತಮ್ಮಂದಿರಿಬ್ಬರು ಹಾಗೆ ನಿಂತಿದ್ದರು. ಅಣ್ಣ ತಮ್ಮನ ಕಿವಿಗೆ ಬಗ್ಗಿದ. ತಮ್ಮ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ನಿಲ್ದಾಣದ ತುಂಬ ನಾವೆಲ್ಲ ಇದ್ದೆವು, ನಮ್ಮಂಥ ಸುದ್ದಿಬಾಕರು. ಅಣ್ಣ ಏನು ಹೇಳಿದನೆಂದು ಈವರೆಗೆ ಒಬ್ಬರೂ ಕೇಳಿಲ್ಲ.